ಸ್ಪೋರ್ಟ್ಸ್ ಕಾರಿಗೆ ಹೊಸ ಬ್ರೇಕ್ ಪ್ಯಾಡ್: ರಸ್ತೆಗೂ ಟ್ರ್ಯಾಕಿಗೂ ಒಂದೇ ಸೆಟ್ ಸಾಕಾ?

ಹೊಸತಿರುವು:
ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಬ್ರೇಕ್ ಪ್ಯಾಡ್ ಬದಲಿಸುವ ಸಮಯ ಬಂದಿದೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಎಂಜಿನ್ ಪವರ್ ಹಿಂದಿನ ಚಕ್ರಗಳಿಗೆ. ತೂಕ ಸುಮಾರು 1,500 ಕೆಜಿ. ಮುಂದೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಹಿಂದೆ ಒಂದು ಪಿಸ್ಟನ್ನಿನದು. ನಾಲ್ಕೂ ಕಡೆ ಕಬ್ಬಿಣದ ಡಿಸ್ಕ್. ಕಾರಿನ ಜೊತೆಗೇ ಬಂದ ಪ್ಯಾಡ್ ಮುಂದೆ 3 ಮಿ.ಮೀ. ಮಾತ್ರ ಉಳಿದಿದೆ.

ಹೆಚ್ಚಿನ ಓಡಾಟ ರಸ್ತೆಯಲ್ಲೇ. ದಿನಾ ಕೆಲಸಕ್ಕೆ ಹೋಗುವುದೂ ಇದರಲ್ಲೇ. ಆಗಾಗ ಟ್ರ್ಯಾಕಿಗೆ ಹೋಗುತ್ತೇನೆ, ಅದನ್ನು ಬಿಡುವ ಮನಸ್ಸಿಲ್ಲ. ಹೋದ ಸಲ ಮೊದಲ ಕೆಲವು ಸುತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಎಷ್ಟು ಒತ್ತಿದರೂ ಕಾರು ಮೊದಲಿನ ಹಾಗೆ ನಿಧಾನವಾಗಲಿಲ್ಲ. ಜೊತೆಗೆ ಸುಟ್ಟ ವಾಸನೆ ಬೇರೆ.

ಹುಡುಕಲು ಹೊರಟರೆ ಸೆರಾಮಿಕ್, ಸೆಮಿ ಮೆಟಾಲಿಕ್, ಫಾಸ್ಟ್ ರೋಡ್, ಟ್ರ್ಯಾಕ್ ಡೇ, ರೇಸ್ ಅಂತ ಹತ್ತಾರು ಹೆಸರು ಸಿಗುತ್ತವೆ. ನನಗೆ ಬೇಕಿರುವುದು ಒಂದೇ ಸೆಟ್. ಬೆಳಿಗ್ಗೆ ತಣ್ಣಗಿರುವಾಗಲೂ ಹಿಡಿಯಬೇಕು, ಟ್ರ್ಯಾಕಿನಲ್ಲಿ ಕಾದಾಗಲೂ ಹಿಡಿಯಬೇಕು, ತೀರಾ ಕಿರುಚಬಾರದು. ಅಂಥದ್ದು ಇದೆಯಾ?

ಕೆಂಪುಸೂಜಿ:
ನೇರವಾಗಿ ರೇಸ್ ಪ್ಯಾಡ್ ಹಾಕಿ ಗುರು. ಸದ್ದು ಬರುತ್ತದೆ, ಬರಲಿ ಬಿಡಿ. ಟ್ರ್ಯಾಕಿನಲ್ಲಿ ಬ್ರೇಕ್ ಕೈಕೊಟ್ಟರೆ ಆಗುವ ಅನಾಹುತದ ಮುಂದೆ ಸದ್ದು ಏನೂ ಅಲ್ಲ.

13ರ ಸ್ಪ್ಯಾನರ್:
ಪ್ಯಾಡ್ ಹೆಸರು ಹೇಳುವ ಮೊದಲು ಒಂದು ಪ್ರಶ್ನೆ. ಬ್ರೇಕ್ ಹಿಡಿಯದೇ ಹೋದಾಗ ಪೆಡಲ್ ಹೇಗಿತ್ತು? ಗಟ್ಟಿಯಾಗಿಯೇ ಇತ್ತಾ, ಇಲ್ಲಾ ಮೆತ್ತಗಾಗಿ ಕೆಳಗೆ ಹೋಗುತ್ತಿತ್ತಾ?

ಗಟ್ಟಿ ಇದ್ದು ಕಾರು ನಿಲ್ಲದಿದ್ದರೆ ತೊಂದರೆ ಪ್ಯಾಡಿನದು. ಪೆಡಲ್ ಸ್ಪಂಜಿನಂತೆ ಆಗಿದ್ದರೆ ಬ್ರೇಕ್ ಆಯಿಲ್ ಕುದಿದಿದೆ ಅಂತ ಅರ್ಥ. ಎರಡಕ್ಕೂ ಮದ್ದು ಬೇರೆ ಬೇರೆ. ಎಷ್ಟೋ ಜನ ಆಯಿಲ್ ಕುದಿದಿದ್ದಕ್ಕೆ ದುಬಾರಿ ಪ್ಯಾಡ್ ಹಾಕಿಸಿಕೊಂಡು, ಮುಂದಿನ ಟ್ರ್ಯಾಕ್ ದಿನ ಅದೇ ತೊಂದರೆ ಹೇಳಿಕೊಂಡು ಬರುತ್ತಾರೆ.

ಹೊಸತಿರುವು:
ಪೆಡಲ್ ಗಟ್ಟಿಯಾಗಿಯೇ ಇತ್ತು ಸರ್. ಒತ್ತಡ ಕೊಡುತ್ತಿದ್ದೇನೆ ಅನ್ನುವುದು ಕಾಲಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿತ್ತು. ಒಂದು ಸುತ್ತು ನಿಧಾನವಾಗಿ ಓಡಿಸಿ ತಣ್ಣಗೆ ಮಾಡಿದ ಮೇಲೆ ಸರಿಹೋಯಿತು.

ಘರ್ಷಣೆ:
ಹಾಗಿದ್ದರೆ ಅದು ಪ್ಯಾಡ್ ಫೇಡ್. ಪ್ಯಾಡಿನೊಳಗಿನ ಪುಡಿ, ನಾರು, ಲೋಹದ ಚೂರು ಎಲ್ಲವನ್ನೂ ಹಿಡಿದಿಡುವುದು ಒಂದು ರಾಳ, ಸಾಮಾನ್ಯವಾಗಿ ಫೀನಾಲಿಕ್ ಜಾತಿಯದು. ಬಿಸಿ ಅದರ ಮಿತಿ ದಾಟಿದರೆ ರಾಳ ಒಡೆದು ಅನಿಲ ಬಿಡುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಹಿಡಿತ ಬಿದ್ದುಹೋಗುತ್ತದೆ. ನೀವು ಹೇಳಿದ ವಾಸನೆ ಅದರದ್ದೇ.

ಈಗ ಲೆಕ್ಕ ನೋಡಿ. 1,500 ಕೆಜಿ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 5.8 ಲಕ್ಷ ಜೂಲ್ ಶಕ್ತಿ ಇರುತ್ತದೆ. 200ರಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ ಸುಮಾರು 23 ಲಕ್ಷ ಜೂಲ್. ಬ್ರೇಕ್ ಒತ್ತಿದಾಗ ಇದು ಬಿಸಿಯಾಗಿ ಬದಲಾಗುತ್ತದೆ, ಅದರಲ್ಲಿ ಬಹುಪಾಲು ಡಿಸ್ಕಿಗೆ ಹೋಗುತ್ತದೆ. ಮುಂದಿನ ಎರಡು ಡಿಸ್ಕ್ ತಲಾ 10 ಕೆಜಿ ಅಂದುಕೊಳ್ಳಿ, ಒಟ್ಟು ಕೆಲಸದ ಶೇ. 70 ಮುಂದಿನ ಬ್ರೇಕಿಗೆ ಬೀಳುತ್ತದೆ ಅಂದುಕೊಳ್ಳಿ. 200ರಿಂದ 100ಕ್ಕೆ ಇಳಿಸುವ ಒಂದೇ ಬ್ರೇಕಿಂಗಿನಲ್ಲಿ ಆ ಡಿಸ್ಕುಗಳ ಬಿಸಿ ಸುಮಾರು 125 ಡಿಗ್ರಿ ಏರುತ್ತದೆ. ಮುಂದಿನ ತಿರುವು ಬರುವುದರೊಳಗೆ ಅದರಲ್ಲಿ ಒಂದು ಪಾಲು ಮಾತ್ರ ಆರುತ್ತದೆ. ಉಳಿದದ್ದರ ಮೇಲೆ ಮತ್ತೆ ಹೊಸ ಬಿಸಿ ಸೇರುತ್ತದೆ. ನಿಮಗೆ ಮೊದಲ ಕೆಲವು ಸುತ್ತು ಚೆನ್ನಾಗಿದ್ದು ಆಮೇಲೆ ಕೈಕೊಟ್ಟಿದ್ದು ಇದಕ್ಕೇ.

ರಸ್ತೆಯಲ್ಲಿ ಡಿಸ್ಕ್ ಸಾಮಾನ್ಯವಾಗಿ 100ರಿಂದ 200 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಟ್ರ್ಯಾಕಿನಲ್ಲಿ 500, 600 ಆಗುವುದು ವಿಶೇಷವಲ್ಲ. ನಿಮ್ಮ ಒಂದೇ ಪ್ಯಾಡ್ ಈ ಎರಡೂ ಕಡೆ ಕೆಲಸ ಮಾಡಬೇಕು. ಹಾಗಾಗಿ "ಯಾವ ಪ್ಯಾಡ್ ಒಳ್ಳೆಯದು" ಅನ್ನುವುದಕ್ಕಿಂತ "ನನ್ನ ಡಿಸ್ಕ್ ಎಷ್ಟು ಬಿಸಿಯಾಗುತ್ತದೆ" ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಹೊಸತಿರುವು:
ಅದನ್ನು ಅಳೆಯುವುದು ಹೇಗೆ? ಟ್ರ್ಯಾಕಿನಿಂದ ಒಳಗೆ ಬರುವಷ್ಟರಲ್ಲಿ ಎಷ್ಟೋ ಆರಿಹೋಗಿರುತ್ತದೆ ಅಲ್ವಾ?

ಸುತ್ತುಗಾರ:
ಅದಕ್ಕೆ ಬಿಸಿ ತೋರಿಸುವ ಬಣ್ಣ ಸಿಗುತ್ತದೆ. ಡಿಸ್ಕಿನ ಹೊರ ಅಂಚಿಗೆ ಮೂರು ಬಣ್ಣದ ಗೆರೆ ಬಳಿಯುವುದು. ಸಾಮಾನ್ಯವಾಗಿ ಬಳಸುವ ಸೆಟ್ಟಿನಲ್ಲಿ ಹಸಿರು 430 ಡಿಗ್ರಿಯಲ್ಲಿ ಬಣ್ಣ ಬಿಡುತ್ತದೆ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ. ಒಮ್ಮೆ ಬಿಟ್ಟ ಬಣ್ಣ ತಣ್ಣಗಾದ ಮೇಲೂ ಹಾಗೇ ಇರುತ್ತದೆ, ಹಾಗಾಗಿ ಆರಾಮವಾಗಿ ಆಮೇಲೆ ನೋಡಬಹುದು. ಹಸಿರು ಹೋಗಿ ಕಿತ್ತಳೆ ಉಳಿದಿದ್ದರೆ ನಿಮ್ಮ ಡಿಸ್ಕ್ 430 ದಾಟಿದೆ, 560 ಮುಟ್ಟಿಲ್ಲ. ಕ್ಯಾಲಿಪರಿಗೆ ಅಂಟಿಸುವ ಪಟ್ಟಿಗಳೂ ಇವೆ, ಅವು ಕಡಿಮೆ ಬಿಸಿಯನ್ನು ತೋರಿಸುತ್ತವೆ. ಆಯಿಲ್ ವಿಷಯಕ್ಕೆ ಅವು ಬೇಕು.

ಪ್ಯಾಡ್ ಕೊಳ್ಳುವ ಮೊದಲೇ ಇದನ್ನು ಮಾಡಿ. ಇದರಷ್ಟು ಉಪಯೋಗಕ್ಕೆ ಬರುವ ಮಾಹಿತಿ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಮಳೆದಾರಿ:
ಕೆಂಪುಸೂಜಿ ಅವರ ಮಾತಿಗೆ ನನ್ನ ತಕರಾರಿದೆ. ನಾನೂ ಇಂಥದ್ದೇ ಕಾರನ್ನು ದಿನಾ ಓಡಿಸುತ್ತೇನೆ, ಅದೂ ಮಳೆ ಜಾಸ್ತಿ ಇರುವ ದಾರಿಯಲ್ಲಿ. ಎಷ್ಟೋ ರೇಸ್ ಪ್ಯಾಡುಗಳು ಕಾಯುವವರೆಗೆ ಸರಿಯಾಗಿ ಹಿಡಿಯುವುದೇ ಇಲ್ಲ. ರಸ್ತೆಯಲ್ಲಿ ಅವು ಕಾಯುವ ಮಾತೇ ಇಲ್ಲ. ಹೆದ್ದಾರಿಯಲ್ಲಿ ಅರ್ಧ ಗಂಟೆ ಬ್ರೇಕ್ ಮುಟ್ಟದೆ ಹೋಗುತ್ತಿರುತ್ತೀರಿ, ಡಿಸ್ಕ್ ಒದ್ದೆಯಾಗಿ ತಣ್ಣಗಿರುತ್ತದೆ, ಆಗ ಒಂದು ಮಗು ಅಡ್ಡ ಬರುತ್ತದೆ. ಅಲ್ಲಿ ಪ್ಯಾಡ್ ಕಾಯಲು ಎರಡನೇ ಅವಕಾಶ ಇಲ್ಲ.

ಟ್ರ್ಯಾಕಿನಲ್ಲಿ ಬ್ರೇಕ್ ಬಿದ್ದುಹೋಗುವ ಮುನ್ನ ಒಂದೆರಡು ಸುತ್ತು ಸೂಚನೆ ಸಿಗುತ್ತದೆ. ಆಚೆ ಈಚೆ ಜಾಗವೂ ಇರುತ್ತದೆ. ರಸ್ತೆಯಲ್ಲಿ ಇವೆರಡೂ ಇಲ್ಲ. ದಿನಬಳಕೆಯ ಕಾರಿಗೆ ತಣ್ಣನೆಯ ಹಿಡಿತವೇ ಮೊದಲ ಶರತ್ತು. ಇದರಲ್ಲಿ ರಾಜಿ ಬೇಡ.

ಕೆಂಪುಸೂಜಿ:
ಎಲ್ಲ ರೇಸ್ ಪ್ಯಾಡೂ ಹಾಗಲ್ಲ ಅಕ್ಕ. ದೀರ್ಘ ರೇಸಿಗೆ ಮಾಡಿದ ಪೇಗಿಡ್ ಆರ್‌ಎಸ್29 ಥರದ್ದು ತಣ್ಣಗಿರುವಾಗಲೂ ತಕ್ಕಮಟ್ಟಿಗೆ ಹಿಡಿಯುತ್ತದೆ. ರಸ್ತೆಯಲ್ಲಿ ಓಡಿಸುವವರು ಬೇಕಾದಷ್ಟಿದ್ದಾರೆ.

ಘರ್ಷಣೆ:
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇನ್ನೊಂದು ಸಂಗತಿ ಇದೆ. ಪ್ಯಾಡ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಡಿಸ್ಕನ್ನು ನೇರವಾಗಿ ಉಜ್ಜಿ ತರಿಯುವುದು. ಇನ್ನೊಂದು, ತನ್ನದೇ ವಸ್ತುವಿನ ತೆಳ್ಳನೆಯ ಪದರವನ್ನು ಡಿಸ್ಕಿನ ಮೇಲೆ ಕೂರಿಸಿ, ಆ ಪದರಕ್ಕೂ ಪ್ಯಾಡಿಗೂ ನಡುವೆ ಹಿಡಿತ ತರುವುದು. ಎಲ್ಲ ಪ್ಯಾಡಿನಲ್ಲೂ ಎರಡೂ ಇರುತ್ತವೆ, ಪಾಲು ಮಾತ್ರ ಹೆಚ್ಚುಕಡಿಮೆ. ಬಿಸಿ ತಡೆಯುವ ಪ್ಯಾಡುಗಳಲ್ಲಿ ಪದರ ಸರಿಯಾಗಿ ಕೂರಲು ಒಳ್ಳೆಯ ಬಿಸಿ ಬೇಕು. ತಣ್ಣಗೆ ಓಡಿಸಿದರೆ ಪದರ ಕಳಚಿಹೋಗಿ ಬರೀ ತರಿಯುವ ಕೆಲಸ ನಡೆಯುತ್ತದೆ. ಆಗ ಡಿಸ್ಕ್ ಬೇಗ ಸವೆಯುತ್ತದೆ, ಕಿರುಚಾಟ ಶುರುವಾಗುತ್ತದೆ, ಧೂಳು ಸುರಿಯುತ್ತದೆ.

ಹಾಗಾಗಿ ರೇಸ್ ಪ್ಯಾಡನ್ನು ರಸ್ತೆಯಲ್ಲಿ ಓಡಿಸಿದರೆ ಪ್ಯಾಡಿಗಿಂತ ಡಿಸ್ಕಿನ ಖರ್ಚೇ ಜಾಸ್ತಿ ಬರಬಹುದು. ಆ ಧೂಳಿನಲ್ಲಿ ಬಿಸಿ ಕಬ್ಬಿಣದ ಚೂರುಗಳಿರುತ್ತವೆ. ಒದ್ದೆಯಾದರೆ ಅವು ಚಕ್ರದ ಬಣ್ಣದ ಮೇಲೇ ತುಕ್ಕು ಹಿಡಿದು ಕೂರುತ್ತವೆ. ಆಮೇಲೆ ಬರೀ ಶಾಂಪೂ ಹಾಕಿ ತೊಳೆದರೆ ಹೋಗುವುದಿಲ್ಲ.

ಓದುಗ:
ನಾನು ಬೇರೆ ಕಾರಿನವನು, ಸುಮ್ನೆ ಓದುತ್ತಿದ್ದೆ. ಪ್ಯಾಡಿನ ಅಂಚಿನಲ್ಲಿ "ಎಫ್ ಎಫ್", "ಜಿ ಜಿ" ಅಂತ ಬರೆದಿರುತ್ತಾರಲ್ಲ, ಅದರಲ್ಲಿ ದೊಡ್ಡ ಅಕ್ಷರ ನೋಡಿ ಕೊಂಡರೆ ಆಗಲಿಲ್ಲವಾ? ಇಷ್ಟೆಲ್ಲ ಚರ್ಚೆ ಯಾಕೆ ಬೇಕು?

ಘರ್ಷಣೆ:
ಅದೊಂದರಿಂದ ಆಗುವುದಿಲ್ಲ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಘರ್ಷಣೆ ಎಷ್ಟು ಅಂತ ಹೇಳುತ್ತದೆ, ಎರಡನೆಯದು ಹೆಚ್ಚು ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಒಂದು ಅಕ್ಷರದೊಳಗೇ ಎಷ್ಟು ಅಂತರ ಇದೆ ನೋಡಿ. 0.36 ಇರುವ ಪ್ಯಾಡೂ ಎಫ್, 0.44 ಇರುವುದೂ ಎಫ್.

ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ರೀತಿ. ಪ್ಯಾಡಿನ ಒಂದು ಇಂಚು ಚದರದ ತುಂಡನ್ನು ತಿರುಗುವ ಡ್ರಮ್ಮಿಗೆ ಒತ್ತಿ ಅಳೆಯುತ್ತಾರೆ. ಅದರಲ್ಲಿ ಹೆಚ್ಚಿನ ಬಿಸಿ ಅಂದರೆ ಸುಮಾರು 340 ಡಿಗ್ರಿ. ಟ್ರ್ಯಾಕಿನಲ್ಲಿ ನಮ್ಮ ಕಷ್ಟ ಶುರುವಾಗುವುದೇ ಅದರ ಆಚೆ. ಅಲ್ಲಿಯ ಬಗ್ಗೆ ಆ ಎರಡು ಅಕ್ಷರ ಏನೂ ಹೇಳುವುದಿಲ್ಲ. ಎರಡು ಅಕ್ಷರ ಒಂದೇ ಇದೆಯಾ ಅಂತ ನೋಡಿ, ಬಿಸಿಯಾದಾಗ ಕೆಳಗಿಳಿಯುವ "ಎಫ್ ಇ" ಥರದ್ದು ಬಿಟ್ಟುಬಿಡಿ. ಅಷ್ಟರ ಮಟ್ಟಿಗೆ ಉಪಯೋಗ ಇದೆ.

ನಿಜವಾಗಿ ನೋಡಬೇಕಾದದ್ದು ತಯಾರಕರು ಕೊಡುವ ಗೆರೆಚಿತ್ರ. ಅಡ್ಡಕ್ಕೆ ಬಿಸಿ, ಉದ್ದಕ್ಕೆ ಘರ್ಷಣೆ. ಗೆರೆ ಎಡತುದಿಯಲ್ಲಿ, ಅಂದರೆ ತಣ್ಣಗಿರುವಾಗ, ಎಲ್ಲಿಂದ ಶುರುವಾಗುತ್ತದೆ? ಬಲಕ್ಕೆ ಹೋದಂತೆ ಎಲ್ಲಿ ಬೀಳುತ್ತದೆ? ನಡುವೆ ಸಮವಾಗಿದೆಯಾ? ಉದಾಹರಣೆಗೆ ಫೆರೋಡೋ ಡಿಎಸ್2500 ಅನ್ನುವ ಪ್ಯಾಡಿಗೆ ಸರಾಸರಿ ಘರ್ಷಣೆ 0.42, ಬಳಕೆಯ ಮಿತಿ 500 ಡಿಗ್ರಿವರೆಗೆ ಅಂತ ಕೊಡುತ್ತಾರೆ. ಇದನ್ನೇ ಕೊಳ್ಳಿ ಅಂತ ಹೇಳುತ್ತಿಲ್ಲ. ಇಂಥ ಅಂಕಿಯನ್ನು ನಿಮ್ಮ ಡಿಸ್ಕಿನ ಬಣ್ಣದ ಜೊತೆ ಇಟ್ಟು ನೋಡಿ ಅಂತ ಹೇಳುತ್ತಿದ್ದೇನೆ. ಬರೀ ಗರಿಷ್ಠ ಬಿಸಿಯ ಅಂಕಿ ಕೊಟ್ಟು ಗೆರೆಚಿತ್ರ ಕೊಡದ ಪ್ಯಾಡನ್ನು ನಾನಂತೂ ಕೊಳ್ಳುವುದಿಲ್ಲ.

ಓದುಗ:
ತುಂಬಾ ಧನ್ಯವಾದ. ಇದುವರೆಗೆ ಆ ಅಕ್ಷರವನ್ನು ಗುಣಮಟ್ಟದ ದರ್ಜೆ ಅಂದುಕೊಂಡಿದ್ದವರು ನನ್ನ ಸುತ್ತ ಬಹಳ ಜನ ಇದ್ದಾರೆ, ಎಲ್ಲರಿಗೂ ಕಳಿಸುತ್ತೇನೆ.

ಮಳೆದಾರಿ:
ಯುರೋಪಿನ ಆರ್90 ಗುರುತಿನ ಬಗ್ಗೆಯೂ ಹೇಳಬೇಕು. ಆ ಗುರುತು ಇರುವ ಬದಲಿ ಪ್ಯಾಡಿನ ಬ್ರೇಕ್ ಶಕ್ತಿ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಆಚೆ ಈಚೆ ಇರುವಂತಿಲ್ಲ. ಕಡಿಮೆಯೂ ಇರಬಾರದು, ಹೆಚ್ಚೂ ಇರಬಾರದು. ಅದು ಕಡ್ಡಾಯ ಇರುವ ದೇಶಗಳಲ್ಲಿ ಹೆಚ್ಚಿನ ರೇಸ್ ಪ್ಯಾಡುಗಳನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಪೊಟ್ಟಣದ ಮೇಲೇ ಬರೆದಿರುತ್ತಾರೆ. ನಿಮ್ಮಲ್ಲಿ ಏನು ನಿಯಮ, ವಿಮೆಯ ಶರತ್ತು ಏನು ಅಂತ ನೋಡಿಕೊಳ್ಳಿ.

"ಹೆಚ್ಚೂ ಇರಬಾರದು" ಅನ್ನುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಅದಕ್ಕೆ ಒಳ್ಳೆಯ ಕಾರಣ ಇದೆ. ತಿಳಿದವರು ಯಾರಾದರೂ ವಿವರಿಸಿ.

ಸುತ್ತುಗಾರ:
ನಾನು ಹೇಳುತ್ತೇನೆ, ಇದು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ.

ಕಾರನ್ನು ಕೊನೆಗೆ ನಿಲ್ಲಿಸುವುದು ಟೈರ್. ನಿಮ್ಮ ಮೂಲ ಪ್ಯಾಡ್ ತಣ್ಣಗಿದ್ದಾಗಲೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಶುರುವಾಗುವಷ್ಟು ಬ್ರೇಕ್ ಹಾಕಬಲ್ಲದು. ಅಂದರೆ ಒಂದು ಸಲದ ಜೋರು ಬ್ರೇಕಿಗೆ ಟೈರಿನ ಹಿಡಿತವೇ ಮಿತಿ. ಘರ್ಷಣೆ ಹೆಚ್ಚಿರುವ ಪ್ಯಾಡ್ ಹಾಕಿದರೂ ಆ ಒಂದು ಸಲದ ದೂರ ಕಡಿಮೆ ಆಗುವುದಿಲ್ಲ. ಒಳ್ಳೆಯ ಪ್ಯಾಡಿನಿಂದ ಸಿಗುವುದು ಬೇರೆ: ಹತ್ತನೇ ಸಲವೂ ಮೊದಲ ಸಲದ ಹಾಗೇ ಹಿಡಿಯುತ್ತದೆ, ಮತ್ತು ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅನ್ನುವುದು ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

1953ರ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಸಿ-ಟೈಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದಿತಲ್ಲ, ಅಲ್ಲೂ ಇದೇ ಲಾಭ. ಬೇರೆಯವರ ಡ್ರಮ್ ಬ್ರೇಕುಗಳು ಬಿಸಿಗೆ ಸೊರಗುತ್ತಿದ್ದವು. ಇದು ಪ್ರತಿ ಸುತ್ತಿನಲ್ಲೂ ತಡವಾಗಿ ಬ್ರೇಕ್ ಹಾಕಬಹುದಿತ್ತು.

ಈಗ ಹೆಚ್ಚಿದ್ದರೆ ಏನು ತೊಂದರೆ? ಮುಂದಿನ ಮತ್ತು ಹಿಂದಿನ ಬ್ರೇಕಿನ ಪಾಲನ್ನು ಕಾರು ಮಾಡಿದವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಮುಂದೆ ಮಾತ್ರ ಬಲವಾದ ಪ್ಯಾಡ್ ಹಾಕಿದರೆ ಮುಂದಿನ ಚಕ್ರ ಬೇಗ ಎಬಿಎಸ್ ಮುಟ್ಟುತ್ತದೆ, ಹಿಂದಿನ ಟೈರಿನ ಹಿಡಿತ ಪೂರ್ತಿ ಬಳಕೆಯಾಗುವುದಿಲ್ಲ. ನಿಲ್ಲುವ ದೂರ ಹೆಚ್ಚಾಗಲೂಬಹುದು. ಹಿಂದೆ ಮಾತ್ರ ಬಲವಾದದ್ದು ಹಾಕಿದರೆ ಇನ್ನೂ ಕೆಟ್ಟದ್ದು. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬಂದು ಹಿಂದಿನ ಟೈರ್ ಹಗುರಾಗಿರುತ್ತದೆ. ಆಗ ಹಿಂದಿನ ಚಕ್ರ ಮೊದಲು ಜಾರಿದರೆ ಕಾರು ತಿರುಗಿ ನಿಲ್ಲುತ್ತದೆ. ಎಬಿಎಸ್ ಒಂದಿಷ್ಟು ಸರಿಮಾಡುತ್ತದೆ, ನಿಜ. ಆದರೆ ಅದರ ಲೆಕ್ಕವೂ ಮೂಲ ಪ್ಯಾಡಿನ ಮೇಲೇ ನಿಂತಿದೆ. ತುಂಬಾ ಚುರುಕಾಗಿ ಕಚ್ಚುವ ಪ್ಯಾಡ್ ಹಾಕಿ ಪೆಡಲನ್ನು ಒಮ್ಮೆಲೇ ಒದ್ದರೆ ಕೆಲವು ಕಾರುಗಳ ಎಬಿಎಸ್ ರಸ್ತೆ ಜಾರುತ್ತಿದೆ ಅಂದುಕೊಂಡು ಒತ್ತಡವನ್ನೇ ಕಡಿಮೆ ಮಾಡುತ್ತದೆ. ಪೆಡಲ್ ಕಲ್ಲಿನಂತಾಗುತ್ತದೆ, ಕಾರು ಓಡುತ್ತಲೇ ಇರುತ್ತದೆ. ಅದಕ್ಕಿಂತ ಹೆದರಿಕೆಯ ಅನುಭವ ಬೇರೆ ಇಲ್ಲ.

ಹಾಗಾಗಿ ಮುಂದೆ ಹಿಂದೆ ಎರಡೂ ಕಡೆ ಒಂದೇ ಕಂಪನಿಯ ಒಂದೇ ಜಾತಿಯ ಪ್ಯಾಡ್ ಹಾಕಿ. ಹಿಂದಿನದರಲ್ಲಿ ಇನ್ನೂ ಅರ್ಧ ಉಳಿದಿದೆ ಅಂತ ಬಿಡಬೇಡಿ.

ಹೊಸತಿರುವು:
ಇದು ಬಹಳ ಉಪಯೋಗವಾಯಿತು ಸರ್. ಹಿಂದಿನದು ಬಿಡೋಣ ಅಂತಲೇ ಇದ್ದೆ. ಆದರೆ ನೋಡಿದರೆ ಹಿಂದಿನ ಪ್ಯಾಡ್ ಮುಂದಿನದಕ್ಕಿಂತ ಹೆಚ್ಚು ಸವೆದಿದೆ! ಬ್ರೇಕ್ ಕೆಲಸ ಜಾಸ್ತಿ ಮುಂದೆ ಅಂದಿರಲ್ಲ, ಇದು ಹೇಗೆ?

13ರ ಸ್ಪ್ಯಾನರ್:
ಟ್ರ್ಯಾಕಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಆನ್ ಇಟ್ಟು ಓಡಿಸಿದ್ದೀರಾ? ಹಿಂದಿನ ಚಕ್ರ ಜಾರಿದಾಗಲೆಲ್ಲ, ತಿರುವಿನಲ್ಲಿ ಕಾರನ್ನು ಒಳಕ್ಕೆ ತಿರುಗಿಸಲಿಕ್ಕೂ, ಅದು ನಿಮಗೆ ಗೊತ್ತಿಲ್ಲದ ಹಾಗೆ ಹಿಂದಿನ ಬ್ರೇಕ್ ಹಾಕುತ್ತಿರುತ್ತದೆ. ಹಿಂದಿನ ಪ್ಯಾಡ್ ಸಣ್ಣದು, ಬೇಗ ತಿಂದುಹೋಗುತ್ತದೆ. ಈ ಕಾಲದ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸಾಮಾನ್ಯ.

ಕಂಟ್ರೋಲ್ ಆಫ್ ಮಾಡಿ ಅಂತ ಹೇಳುವುದಿಲ್ಲ. ಹಿಂದಿನ ಪ್ಯಾಡನ್ನೂ ನೋಡುತ್ತಿರಿ ಅಂತ ಹೇಳುತ್ತೇನೆ. ಜೊತೆಗೆ ಹಿಂದಿನ ಕ್ಯಾಲಿಪರ್ ಆಚೆ ಈಚೆ ಸರಿಯುವ ಸ್ಲೈಡ್ ಪಿನ್ ಸಲೀಸಾಗಿ ಆಡುತ್ತಿದೆಯಾ ನೋಡಿ. ಅದು ಹಿಡಿದುಕೊಂಡಿದ್ದರೆ ಒಳಗಿನ ಪ್ಯಾಡ್ ಸವೆದು ಹೊರಗಿನದು ಹಾಗೇ ಇರುತ್ತದೆ.

ಕೆಂಪುಸೂಜಿ:
ಸುತ್ತುಗಾರ ಅವರ ಮಾತು ಒಪ್ಪಿದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಂದೇ ಪ್ಯಾಡ್ ಬೇಕು ಅನ್ನುವ ಹಟವೇ ಸರಿಯಲ್ಲ. ರಸ್ತೆಗೆ ಒಂದು ಸೆಟ್, ಟ್ರ್ಯಾಕಿಗೆ ಒಂದು ಸೆಟ್ ಇಡಿ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಎಷ್ಟೋ ಕಡೆ ಎರಡು ಪಿನ್ ತೆಗೆದರೆ ಪ್ಯಾಡ್ ಹೊರಗೆ ಬರುತ್ತದೆ. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಬದಲಿಸಿ, ವಾಪಸ್ ಬಂದ ಮೇಲೆ ಮತ್ತೆ ಬದಲಿಸಿ. ನಾನು ಹೀಗೇ ಮಾಡುವುದು.

ಘರ್ಷಣೆ:
ಎರಡು ಸೆಟ್ ಅನ್ನುವುದು ಒಳ್ಳೆಯ ದಾರಿ. ಗಂಭೀರವಾಗಿ ಟ್ರ್ಯಾಕಿಗೆ ಹೋಗುವವರಿಗೆ ಅದೇ ಸರಿ. ಒಂದೇ ಎಚ್ಚರಿಕೆ, ಒಂದು ಜಾತಿಯ ಪ್ಯಾಡಿನ ಪದರದ ಮೇಲೆ ಇನ್ನೊಂದು ಜಾತಿಯದನ್ನು ಉಜ್ಜಿದರೆ ಎರಡೂ ಸರಿಯಾಗಿ ಕೂರುವುದಿಲ್ಲ. ಹಿಡಿತ ಹೆಚ್ಚುಕಡಿಮೆ ಆಗುತ್ತದೆ, ಸ್ಟೀರಿಂಗ್ ನಡುಗುತ್ತದೆ. ಅದಕ್ಕೆ ಪರಸ್ಪರ ಹೊಂದುವ ಪ್ಯಾಡುಗಳನ್ನೇ ಆರಿಸಬೇಕು, ಸಾಮಾನ್ಯವಾಗಿ ಒಂದೇ ಕಂಪನಿಯ ಒಂದೇ ಕುಟುಂಬದವು. ಇಲ್ಲದಿದ್ದರೆ ಎರಡು ಸೆಟ್ ಡಿಸ್ಕ್ ಕೂಡ ಬೇಕಾಗುತ್ತದೆ.

13ರ ಸ್ಪ್ಯಾನರ್:
ನಡುಗುವ ಮಾತು ಬಂದಿದ್ದರಿಂದ ಹೇಳುತ್ತೇನೆ. "ಡಿಸ್ಕ್ ಬೆಂಡ್ ಆಗಿದೆ" ಅಂತ ಬರುವ ಕಾರುಗಳಲ್ಲಿ ಹೆಚ್ಚಿನವು ಬೆಂಡ್ ಆಗಿರುವುದಿಲ್ಲ. ಪ್ಯಾಡಿನ ಪದರ ಡಿಸ್ಕಿನ ಮೇಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಕೂತಿರುತ್ತದೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಅದರಲ್ಲಿ ಎರಡು ಮೂರು ಭಾಗದಷ್ಟು ವ್ಯತ್ಯಾಸ ಇದ್ದರೂ ಪೆಡಲಿಗೆ ಗೊತ್ತಾಗುತ್ತದೆ. ಹಾಗೇ ಓಡಿಸುತ್ತಾ ಹೋದರೆ ದಪ್ಪ ಇರುವ ಕಡೆ ಬಿಸಿ ಜಾಸ್ತಿಯಾಗಿ, ಕಬ್ಬಿಣವೇ ಸಿಮೆಂಟೈಟ್ ಅನ್ನುವ ಗಟ್ಟಿ ರೂಪಕ್ಕೆ ತಿರುಗುತ್ತದೆ. ಆ ಹಂತಕ್ಕೆ ಹೋದ ಡಿಸ್ಕ್ ಎಸೆಯುವುದೇ ಸರಿ.

ಇದಕ್ಕೆ ದೊಡ್ಡ ಕಾರಣ, ಹೊಸ ಪ್ಯಾಡ್ ಹಾಕಿ ಬೆಡ್ಡಿಂಗ್, ಅಂದರೆ ಪದರ ಸಮವಾಗಿ ಕೂರುವಂತೆ ಕ್ರಮವಾಗಿ ಕಾಯಿಸುವುದು, ಮಾಡದೇ ಇರುವುದು. ಪ್ಯಾಡಿನ ಪೊಟ್ಟಣದಲ್ಲಿ ಕ್ರಮ ಕೊಟ್ಟಿರುತ್ತಾರೆ, ಮೊದಲು ಅದನ್ನು ಓದಿ. ಒಂದೊಂದಕ್ಕೆ ಒಂದೊಂದು ಥರ. ಸಾಮಾನ್ಯ ರೂಪ ಹೀಗೆ: ಹಿಂದೆ ಮುಂದೆ ವಾಹನ ಇಲ್ಲದ ಜಾಗದಲ್ಲಿ ಮೊದಲು ಕಡಿಮೆ ವೇಗದಲ್ಲಿ ಹಗುರ ಬ್ರೇಕ್ ಕೆಲವು ಸಲ. ಆಮೇಲೆ 100ರಿಂದ 30ರವರೆಗೆ ಗಟ್ಟಿ ಬ್ರೇಕ್, ಎಬಿಎಸ್ ಮುಟ್ಟದ ಹಾಗೆ, ಎಂಟು ಹತ್ತು ಸಲ. ಪೂರ್ತಿ ನಿಲ್ಲಿಸಬಾರದು. ವಾಸನೆ ಬರುತ್ತದೆ, ಹಿಡಿತ ಸ್ವಲ್ಪ ಇಳಿದ ಹಾಗೂ ಅನ್ನಿಸಬಹುದು, ಹೆದರಬೇಡಿ. ಹೊಸ ಪ್ಯಾಡಿನ ರಾಳ ಮೊದಲ ಸಲ ಕಾಯುವಾಗ ಹಾಗಾಗುತ್ತದೆ. ಕೊನೆಗೆ ಬ್ರೇಕ್ ಮುಟ್ಟದೆ ಒಂದಿಷ್ಟು ದೂರ ಓಡಿಸಿ ತಣ್ಣಗೆ ಮಾಡಿ. ಬಿಸಿ ಇರುವಾಗ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತದೆ. ಟ್ರ್ಯಾಕಿನಿಂದ ಬಂದು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು ಅನ್ನುವುದೂ ಇದಕ್ಕೇ. ಗೇರಿನಲ್ಲಿ ಬಿಡಿ, ಚಕ್ರಕ್ಕೆ ಅಡ್ಡ ಕೊಡಿ.

ಬಿಳಿಬಾಣ:
ನನ್ನ ಕಾರಿನಲ್ಲಿ ಕಾರ್ಬನ್ ಸೆರಾಮಿಕ್ ಡಿಸ್ಕ್. ಮೇಲಿನ ಪ್ಯಾಡುಗಳು ಇದಕ್ಕೂ ಆಗುತ್ತವಾ?

ಘರ್ಷಣೆ:
ಬೇಡವೇ ಬೇಡ. ಕಬ್ಬಿಣದ ಡಿಸ್ಕಿಗೆ ಮಾಡಿದ ಪ್ಯಾಡ್ ಹಾಕಿದರೆ ಆ ಡಿಸ್ಕ್ ಹಾಳಾಗುತ್ತದೆ. ಪೋರ್ಷೆ 2001ರಲ್ಲಿ 911 ಜಿಟಿ2 ಜೊತೆ ಅಂಥ ಡಿಸ್ಕ್ ತಂದಾಗಿನಿಂದಲೂ ಅವಕ್ಕೆ ಪ್ಯಾಡೇ ಬೇರೆ. ಪೊಟ್ಟಣದ ಮೇಲೆ ಕಾರ್ಬನ್ ಸೆರಾಮಿಕ್ಕಿಗೆ ಅಂತ ಸ್ಪಷ್ಟವಾಗಿ ಇರಬೇಕು. "ಸೆರಾಮಿಕ್ ಪ್ಯಾಡ್" ಅನ್ನುವುದು ಬೇರೆಯೇ ವಸ್ತು. ಅದು ಧೂಳು, ಸದ್ದು ಕಡಿಮೆ ಇರಲಿ ಅಂತ ಕಬ್ಬಿಣದ ಡಿಸ್ಕಿನ ರಸ್ತೆ ಕಾರುಗಳಿಗೆ ಮಾಡಿದ್ದು. ಹೆಸರು ನೋಡಿ ಹಾಕಿಬಿಡಬೇಡಿ.

ಸುತ್ತುಗಾರ:
ಬ್ರೇಕ್ ಆಯಿಲ್ ಮರೆತೆವು. ಬಿಸಿ ತಡೆಯುವ ಪ್ಯಾಡ್ ಹಾಕಿದ ಮೇಲೆ ಹೊಸತಿರುವು ಅವರು ಮೊದಲಿಗಿಂತ ಹೆಚ್ಚು ಹೊತ್ತು ಜೋರಾಗಿ ಓಡಿಸುತ್ತಾರೆ. ಆಗ ಬಿಸಿ ಪಿಸ್ಟನ್ ದಾಟಿ ಆಯಿಲಿಗೆ ಹೋಗುತ್ತದೆ. ಮೊದಲು ಪ್ಯಾಡ್ ಸೋಲುತ್ತಿತ್ತು, ಇನ್ನು ಆಯಿಲ್ ಸೋಲುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋಗುವುದು ಪ್ಯಾಡ್ ಫೇಡಿಗಿಂತ ಅಪಾಯ.

ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದು ಗಾಳಿಯಿಂದ ನೀರು ಹೀರುತ್ತದೆ. ಶೇ. 3.7 ನೀರು ಸೇರಿದ ಮೇಲೆ ಮಿತಿ 155ಕ್ಕೆ ಬರುತ್ತದೆ. ಡಾಟ್ 5.1ಕ್ಕೆ ಇವೇ ಅಂಕಿ 260 ಮತ್ತು 180. ಟ್ರ್ಯಾಕಿಗೆ ಮಾಡಿದ ಆಯಿಲುಗಳು ಹೊಸದಿದ್ದಾಗ 300 ದಾಟುತ್ತವೆ. ಅದನ್ನು ಹಾಕಿ, ಆದರೆ ಬೇಗ ಬೇಗ ಬದಲಿಸಬೇಕು. ಡಾಟ್ 5 ಮಾತ್ರ ತರಬೇಡಿ, ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ.

ಟ್ರ್ಯಾಕಿಗೆ ಹೋಗುವಾಗ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ದಪ್ಪ ಇರಲಿ ಅನ್ನುವುದೂ ಆಯಿಲ್ ಕಾರಣಕ್ಕೇ. ಪ್ಯಾಡೇ ಡಿಸ್ಕಿಗೂ ಪಿಸ್ಟನ್ನಿಗೂ ನಡುವಿನ ಬಿಸಿ ತಡೆ. 3 ಮಿ.ಮೀ. ಪ್ಯಾಡಿನಲ್ಲಿ ರಸ್ತೆಯ ಕೆಲಸ ಹೇಗೋ ನಡೆಯುತ್ತದೆ, ಟ್ರ್ಯಾಕಿನದು ನಡೆಯುವುದಿಲ್ಲ.

ಹೊಸತಿರುವು:
ಎಲ್ಲರ ಮಾತು ಕೇಳಿದ ಮೇಲೆ ಹೀಗೆ ಅಂದುಕೊಂಡಿದ್ದೇನೆ. ಸ್ನೇಹಿತರೊಬ್ಬರದು ಇದೇ ಕಾರು, ಇದೇ ಬ್ರೇಕ್. ಅವರ ಡಿಸ್ಕಿಗೆ ಬಣ್ಣ ಬಳಿದು ಟ್ರ್ಯಾಕಿಗೆ ಹೋಗಿಬಂದೆವು, ಓಡಿಸಿದ್ದು ನಾನೇ. ಮುಂದೆ ಹಸಿರು ಹೋಗಿದೆ, ಕಿತ್ತಳೆ ಉಳಿದಿದೆ. ಹಿಂದೆ ಮೂರೂ ಉಳಿದಿವೆ. ಅಂದರೆ ಮುಂದಿನ ಡಿಸ್ಕ್ 430ರಿಂದ 560ರ ನಡುವೆ. ಈ ಮಟ್ಟಕ್ಕೆ ಪೂರ್ತಿ ರೇಸ್ ಪ್ಯಾಡ್ ಬೇಡ ಅನ್ನಿಸುತ್ತದೆ. ಫಾಸ್ಟ್ ರೋಡ್ ಜಾತಿಯದರಲ್ಲಿ, ತಣ್ಣಗಿರುವಾಗಲೂ ಗೆರೆ 0.4ರ ಹತ್ತಿರ ಶುರುವಾಗಿ ಕೊನೆಯವರೆಗೆ ಸಮವಾಗಿ ಹೋಗುವುದನ್ನು ಮುಂದೆ ಹಿಂದೆ ಎರಡೂ ಕಡೆಗೆ ತೆಗೆದುಕೊಳ್ಳುತ್ತೇನೆ. ಆಯಿಲ್ ಹೊಸದು ಹಾಕಿಸುತ್ತೇನೆ. ಸರಿಯಾ?

ಮಳೆದಾರಿ:
ದಿನಾ ಓಡಿಸುವ ಕಾರಿಗೆ ನಾನೂ ಇದನ್ನೇ ಆರಿಸುತ್ತಿದ್ದೆ.

ಕೆಂಪುಸೂಜಿ:
ಈಗಿನ ಓಟಕ್ಕೆ ಸರಿ. ಆದರೆ ನೀವು ಚಾಲನೆ ಕಲಿತಂತೆ ವೇಗ ಹೆಚ್ಚುತ್ತದೆ, ಒಳ್ಳೆಯ ಟೈರ್ ಹಾಕಿದರೆ ಇನ್ನೂ ಹೆಚ್ಚುತ್ತದೆ. ಕಿತ್ತಳೆ ಹೋದ ದಿನ ಎರಡನೇ ಸೆಟ್ ತನ್ನಿ. ಅಲ್ಲಿಯವರೆಗೆ ಪ್ರತಿ ಸಲ ಬಣ್ಣ ಬಳಿದುಕೊಂಡೇ ಹೋಗಿ.

ಘರ್ಷಣೆ:
ಆಯ್ಕೆ ಚೆನ್ನಾಗಿದೆ, ಕೆಂಪುಸೂಜಿ ಹೇಳಿದ್ದೂ ಸರಿ. ಆರಿಸಿದ ಪ್ಯಾಡಿನ ಮಿತಿ ನಿಮ್ಮ ಬಣ್ಣ ತೋರಿಸಿದ ಮೇಲಿನ ಅಂಕಿಗಿಂತ, ಅಂದರೆ 560ಕ್ಕಿಂತ, ಸ್ವಲ್ಪ ಹೆಚ್ಚೇ ಇರಲಿ. ಬಿಸಿಲು ಜಾಸ್ತಿ ಇರುವ ದಿನ, ಉದ್ದದ ಟ್ರ್ಯಾಕ್ ಸಿಕ್ಕ ದಿನ ಆ ಅಂತರ ಬೇಕಾಗುತ್ತದೆ.

13ರ ಸ್ಪ್ಯಾನರ್:
ಆರ್ಡರ್ ಮಾಡುವ ಮೊದಲು ಕ್ಯಾಲಿಪರ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಒಂದೇ ಮಾಡೆಲ್, ಒಂದೇ ವರ್ಷದ ಕಾರಿನಲ್ಲೂ ಎರಡು ಮೂರು ಥರದ ಬ್ರೇಕ್ ಬಂದಿರುತ್ತದೆ. ಕಾರಿನ ಹೆಸರು ಹೇಳಿದರೆ ಸಾಲದು. ಹಳೆಯ ಪ್ಯಾಡಿನ ಬೆನ್ನಿನ ಮೇಲೆ ಇರುವ ಡಬ್ಲ್ಯೂವಿಎ ಅಥವಾ ಎಫ್‌ಎಂಎಸ್‌ಐ ನಂಬರ್ (ಪ್ಯಾಡಿನ ಆಕಾರ ಗುರುತಿಸುವ ನಂಬರ್) ಹೊಂದಿಸಿ, ಆಕಾರವನ್ನೂ ಅಳೆಯಿರಿ. ಪ್ಯಾಡ್ ಸವೆದದ್ದನ್ನು ತಿಳಿಸುವ ವೇರ್ ಸೆನ್ಸರ್ ಇರುವ ಜಾಗ ಹೊಸದರಲ್ಲಿ ಇದೆಯಾ ನೋಡಿ. ನಂಬಿಕೆಯ ಕಡೆಯಿಂದಲೇ ತರಿಸಿ, ನಕಲಿ ಪ್ಯಾಡ್ ಬಹಳ ಓಡಾಡುತ್ತಿದೆ. ಅಂಚಿನ ಅಕ್ಷರ ಮಸುಕಾಗಿದ್ದರೆ, ಬೆನ್ನ ತಗಡಿಗೂ ಪ್ಯಾಡಿಗೂ ನಡುವೆ ಸಂದು ಕಂಡರೆ ವಾಪಸ್ ಕಳಿಸಿ.

ಹಿಂದೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಅದನ್ನು ಸರ್ವಿಸ್ ಮೋಡಿಗೆ ಹಾಕದೆ ಪಿಸ್ಟನ್ ಒತ್ತಬೇಡಿ, ಒಳಗಿನ ಮೋಟರ್ ಹಾಳಾಗುತ್ತದೆ. ಪಿಸ್ಟನ್ ಒಳಗೆ ಹೋಗುವಾಗ ಆಯಿಲ್ ಟ್ಯಾಂಕ್ ತುಂಬಿ ಚೆಲ್ಲಬಹುದು, ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ. ಎಲ್ಲ ಮುಗಿದ ಮೇಲೆ ಕಾರು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಒತ್ತಿಗೆ ಅದು ಪೂರ್ತಿ ಕೆಳಗೆ ಹೋಗುತ್ತದೆ.

ಹೊಸತಿರುವು:
ಬರೆದಿಟ್ಟುಕೊಂಡೆ ಸರ್. ಹಳೆಯ ಡಿಸ್ಕೇ ಇಟ್ಟುಕೊಳ್ಳಬಹುದಾ? ಅದರ ಮೇಲೆ "ಮಿನಿಮಮ್ 26" ಅಂತ ಇದೆ. ಅಳೆದರೆ ದಪ್ಪ 26.4 ಮಿ.ಮೀ. ಬಂತು.

13ರ ಸ್ಪ್ಯಾನರ್:
ಎಲ್ಲಿ ಅಳೆದಿರಿ? ಹೊರ ಅಂಚಿನಲ್ಲಿ ಪ್ಯಾಡ್ ಮುಟ್ಟದ ಏಣು ಉಳಿದಿರುತ್ತದೆ, ಅಲ್ಲಿ ಅಳೆದರೆ ಹೆಚ್ಚು ತೋರಿಸುತ್ತದೆ. ಮೈಕ್ರೋಮೀಟರಿನಲ್ಲಿ ಪ್ಯಾಡ್ ಉಜ್ಜುವ ಜಾಗದಲ್ಲೇ, ಸುತ್ತಲೂ ನಾಲ್ಕೈದು ಕಡೆ ಅಳೆಯಿರಿ.

ನಿಜವಾಗಿ 26.4 ಇದ್ದರೂ ಬದಲಿಸಿ. ಹೊಸ ಪ್ಯಾಡ್ ಮುಗಿಯುವುದರೊಳಗೆ ಆ 0.4 ಹೋಗಿರುತ್ತದೆ. ತೆಳು ಡಿಸ್ಕ್ ಬಿಸಿ ಕಡಿಮೆ ಹಿಡಿಯುತ್ತದೆ, ಬೇಗ ಕಾಯುತ್ತದೆ, ಘರ್ಷಣೆ ಅವರು ಹಾಕಿದ ಲೆಕ್ಕ ಎಲ್ಲ ತಲೆಕೆಳಗಾಗುತ್ತದೆ. ಹೊಸ ಡಿಸ್ಕ್ ಕೂರಿಸುವಾಗ ಹಬ್ಬಿನ (ಡಿಸ್ಕ್ ಕೂರುವ ನಡುಭಾಗದ) ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಿರಿ, ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಮೊದಲ ಟ್ರ್ಯಾಕ್ ದಿನ ಆದ ಮೇಲೆ ನಾಲ್ಕೂ ಚಕ್ರ ಬಿಚ್ಚಿ ಒಳಗಿನ ಪ್ಯಾಡಿನ ದಪ್ಪ ನೋಡಿ ಇಲ್ಲಿ ಹಾಕಿ. ಒಂದು ಕಡೆ ಓರೆಯಾಗಿ ಸವೆದಿದ್ದರೆ ಫೋಟೋ ಕೂಡ ಬೇಕು.